ಜಗಳವಿಲ್ಲದ ವಿಚ್ಛೇದನ: ಮಗಳ ವೇಳಾಪಟ್ಟಿಯನ್ನು ಮೊದಲು ಬರೆಯಿರಿ

ಪ್ರಶ್ನೆ: ನಮ್ಮ ಮದುವೆಯಾಗಿ ಹನ್ನೊಂದು ವರ್ಷವಾಯಿತು. ಮೂರನೇ ತರಗತಿಯಲ್ಲಿ ಓದುವ ಎಂಟು ವರ್ಷದ ಮಗಳಿದ್ದಾಳೆ. ಹದಿನಾಲ್ಕು ತಿಂಗಳಿಂದ ನಾನು ಮಗಳೊಂದಿಗೆ ಮೈಸೂರಿನ ತವರುಮನೆಯಲ್ಲಿದ್ದು, ಇಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಪತಿ ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿದ್ದಾರೆ. ಅದರ ಸಾಲ ಇಬ್ಬರ ಹೆಸರಿನಲ್ಲೂ ಇದೆ. ಹೊಡೆತ ಬಡಿತ, ವರದಕ್ಷಿಣೆಯ ಪೀಡನೆ ಯಾವುದೂ ನಡೆದಿಲ್ಲ. ಒಟ್ಟಿಗೆ ಬಾಳುವುದು ಆಗದ ಮಾತು ಎಂಬುದು ಇಬ್ಬರಿಗೂ ಗೊತ್ತಾಗಿದೆ. ಆದರೆ ಪರಿಚಯದ ವಕೀಲರೊಬ್ಬರು, ‘ಮೊದಲು ಒಂದು ಕೇಸ್ ಹಾಕಿ, ಆಮೇಲೆ ಅವರೇ ದಾರಿಗೆ ಬರುತ್ತಾರೆ’ ಎನ್ನುತ್ತಾರೆ. ಪತಿಯ ಅಣ್ಣನೂ ಅವರಿಗೆ ಇದನ್ನೇ ಹೇಳಿಕೊಡುತ್ತಿದ್ದಾರಂತೆ. ಜಗಳವಿಲ್ಲದೆ ಮುಗಿಸಿಕೊಳ್ಳಲು ಸಾಧ್ಯವೇ? ಇಬ್ಬರಿಗೂ ಒಬ್ಬರೇ ವಕೀಲರು ಸಾಕೇ? ಮಗಳು ಇಬ್ಬರ ಸುಪರ್ದಿಯಲ್ಲೂ ಇರುವಂತೆ ಮಾಡಬಹುದೇ? ನಾಳೆ ಯಾರಾದರೂ ಮಾತಿಗೆ ತಪ್ಪಿದರೆ ಏನು ಮಾಡಬೇಕು?

ಉತ್ತರ: ಸಾಧ್ಯವಿದೆ, ನೀವು ಹೇಳಿರುವ ಸ್ಥಿತಿಯಲ್ಲಿ ಅದೇ ಸರಿಯಾದ ದಾರಿಯೂ ಹೌದು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜಗಳವಿಲ್ಲದ ವಿಚ್ಛೇದನವೆಂದರೆ ಪರಸ್ಪರ ನಂಬಿಕೆಯ ಮೇಲೆ ಬಿಟ್ಟುಬಿಡುವ ವಿಚ್ಛೇದನ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ನ್ಯಾಯಾಲಯದಲ್ಲಿ ಹೊಡೆದಾಡಿ ಪಡೆದ ಆದೇಶಕ್ಕಿಂತ, ಒಪ್ಪಿಗೆಯಿಂದ ಬರೆದುಕೊಂಡ ಕರಾರಿನಲ್ಲಿ ಹೆಚ್ಚು ವಿವರಗಳಿರಬೇಕು. ಇಬ್ಬರೂ ಸೌಜನ್ಯದಿಂದ ಇರುವಾಗ, ಆ ಸೌಜನ್ಯ ಇರುವಷ್ಟರಲ್ಲೇ, ಸಣ್ಣಪುಟ್ಟ ಸಂಗತಿಗಳನ್ನೆಲ್ಲ ಕೂತು ಬರೆದುಕೊಳ್ಳುವುದೇ ಈ ವಿಧಾನದ ತಿರುಳು. ‘ಉಭಯತರಿಗೂ ಅನುಕೂಲವಾದ ದಿನಗಳಲ್ಲಿ ತಂದೆ ಮಗುವನ್ನು ಭೇಟಿ ಮಾಡತಕ್ಕದ್ದು’ ಎಂಬ ಒಂದು ಸಾಲು ಬರೆದು ಸಹಿ ಹಾಕಿದ ದಂಪತಿಗಳು ಒಂದೆರಡು ವರ್ಷದಲ್ಲಿ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತುವುದನ್ನು ಈ ಕ್ಷೇತ್ರದಲ್ಲಿರುವ ನಾವೆಲ್ಲರೂ ಕಂಡಿದ್ದೇವೆ.

ಮೊದಲು ಆ ‘ಒಂದು ಕೇಸ್ ಹಾಕಿ’ ಎಂಬ ಸಲಹೆಯನ್ನು ನೋಡೋಣ. ಕ್ರೌರ್ಯದ ದೂರನ್ನು ಒತ್ತಡ ತರುವ ಸಾಧನವಾಗಿ ಬಳಸಿ, ಕೆಲಸವಾದ ಮೇಲೆ ಹಿಂದಕ್ಕೆ ಪಡೆದರಾಯಿತು ಎಂಬ ಲೆಕ್ಕ ಇದರ ಹಿಂದಿದೆ. ಆ ಲೆಕ್ಕವೇ ತಪ್ಪು. ಹಿಂದೆ ಭಾರತೀಯ ದಂಡ ಸಂಹಿತೆಯ 498-ಎ ಕಲಮಿನಲ್ಲಿದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿರುವ ಅಪರಾಧ, ಉಭಯಪಕ್ಷಗಳು ತಾವಾಗಿ ರಾಜಿ ಮಾಡಿಕೊಂಡು ಮುಗಿಸಬಹುದಾದ ಅಪರಾಧವಲ್ಲ. ಮುಂದೆ ನಿಮ್ಮಿಬ್ಬರಲ್ಲಿ ಎಲ್ಲವೂ ಇತ್ಯರ್ಥವಾದರೂ ಆ ಪ್ರಕರಣವನ್ನು ರದ್ದುಪಡಿಸಲು ಹೈಕೋರ್ಟಿಗೆ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ. ವಯಸ್ಸಾದ ಅತ್ತೆ–ಮಾವನ ಹೆಸರೂ ದೂರಿನಲ್ಲಿ ಸೇರಿದರೆ, ಇವತ್ತು ಮಗಳಿಗೆ ಅಜ್ಜ–ಅಜ್ಜಿಯಾಗಿರುವವರು ನಾಳೆ ಜಾಮೀನಿಗೆ ಓಡಾಡುವ ಆರೋಪಿಗಳಾಗುತ್ತಾರೆ. ಅಲ್ಲಿಂದ ಮುಂದೆ ಮಾತುಕತೆಯ ಮೇಜಿಗೆ ಯಾರೂ ಬರುವುದಿಲ್ಲ. ಇದಲ್ಲದೆ, ಕೆ. ಶ್ರೀನಿವಾಸ ರಾವ್ ಮತ್ತು ಡಿ.ಎ. ದೀಪಾ ನಡುವಿನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಸಂಗಾತಿಯ ವಿರುದ್ಧ ಸುಳ್ಳು ದೂರು ಕೊಡುವುದು ಮತ್ತು ಮಾನಹಾನಿಕರ ಆರೋಪ ಹೊರಿಸುವುದು ತಾನೇ ಮಾನಸಿಕ ಕ್ರೌರ್ಯವಾಗುತ್ತದೆ ಎಂದು ಹೇಳಿದೆ. ನಿಜವಾಗಿ ಹಿಂಸೆ ಅನುಭವಿಸಿದವರಿಗೆ ಆ ಕಾನೂನು ಬೇಕೇ ಬೇಕು. ಅಂಥದ್ದೇನೂ ನಡೆದಿಲ್ಲವೆಂದು ನೀವೇ ಬರೆದಿರುವಾಗ ಆ ಬಾಗಿಲು ತಟ್ಟಬೇಡಿ. ಇದೇ ಮಾತನ್ನು ನಿಮ್ಮ ಪತಿಯ ಅಣ್ಣನವರಿಗೂ ಯಾರಾದರೂ ತಿಳಿಸಿದರೆ ಒಳ್ಳೆಯದು.

ಇನ್ನು ಕಾನೂನಿನ ದಾರಿ. ನೀವು ಹಿಂದೂ ವಿವಾಹ ಕಾಯ್ದೆಯ ವ್ಯಾಪ್ತಿಗೆ ಬರುತ್ತೀರೆಂದು ಭಾವಿಸಿ ಉತ್ತರಿಸುತ್ತಿದ್ದೇನೆ. 1976ರ ತಿದ್ದುಪಡಿಯಲ್ಲಿ ಸೇರಿದ 13-ಬಿ ಕಲಮಿನ ಪ್ರಕಾರ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಯಾಗಿ ಬದುಕಿರುವ, ಒಟ್ಟಿಗೆ ಬಾಳಲಾಗದ, ಮದುವೆಯನ್ನು ಕೊನೆಗೊಳಿಸಲು ಒಪ್ಪಿರುವ ದಂಪತಿಗಳು ಜಂಟಿಯಾಗಿ ಅರ್ಜಿ ಸಲ್ಲಿಸಬಹುದು. ಅರ್ಜಿ ಸಲ್ಲಿಸಿದ ದಿನದಿಂದ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಹಾಜರಾಗಿ ತಮ್ಮ ಒಪ್ಪಿಗೆಯನ್ನು ದೃಢಪಡಿಸಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಅಮರದೀಪ್ ಸಿಂಗ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಅದಕ್ಕೆ ಹಾಕಿದ ಷರತ್ತುಗಳು ಮುಖ್ಯ: ಅರ್ಜಿ ಹಾಕುವ ಹೊತ್ತಿಗೇ ಒಂದು ವರ್ಷ ಮತ್ತು ಆರು ತಿಂಗಳು, ಎರಡೂ ಸೇರಿ ಕಳೆದಿರಬೇಕು, ಒಂದುಗೂಡಿಸುವ ಪ್ರಯತ್ನಗಳು ವಿಫಲವಾಗಿರಬೇಕು, ಜೀವನಾಂಶ, ಮಗುವಿನ ಸುಪರ್ದಿ ಮುಂತಾದ ಎಲ್ಲವೂ ನಿಜವಾಗಿ ಇತ್ಯರ್ಥವಾಗಿರಬೇಕು. ನಿಮಗೀಗ ಹದಿನಾಲ್ಕು ತಿಂಗಳಾಗಿದೆ. ಅವಸರದಿಂದ ಇವತ್ತೇ ಅರ್ಜಿ ಹಾಕಿದರೆ ಆರು ತಿಂಗಳು ಕಾಯಬೇಕಾಗಿ ಬರಬಹುದು. ಅದರ ಬದಲು ಮುಂದಿನ ನಾಲ್ಕು ತಿಂಗಳನ್ನು ಮಾತುಕತೆಗೆ, ಕರಾರು ಬರೆಯುವುದಕ್ಕೆ ಬಳಸಿಕೊಂಡು, ಹದಿನೆಂಟು ತಿಂಗಳು ತುಂಬಿದ ಮೇಲೆ ಅರ್ಜಿ ಸಲ್ಲಿಸಿ ಮನ್ನಾ ಕೋರಿದರೆ, ಒಟ್ಟು ಸಮಯ ಹೆಚ್ಚೇನೂ ಆಗುವುದಿಲ್ಲ. ಕರಾರೂ ಗಟ್ಟಿಯಾಗಿರುತ್ತದೆ. ನೀವು ಮೈಸೂರಿನಲ್ಲಿ ವಾಸವಾಗಿರುವುದರಿಂದಲೂ, ಮಗು ಅಲ್ಲಿಯೇ ಇರುವುದರಿಂದಲೂ ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲೇ ಇದೆಲ್ಲವೂ ನಡೆಯಬಹುದು.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅದರ 28ನೇ ಕಲಮು, ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆಯ 10-ಎ ಕಲಮು, ಮುಸ್ಲಿಮರಿಗೆ ಮುಬಾರತ್ ಎಂಬ ಪರಸ್ಪರ ಒಪ್ಪಿಗೆಯ ಪದ್ಧತಿ ಇದೆ. ಹಿರಿಯರ ಎದುರು ಸ್ಟಾಂಪ್ ಪೇಪರಿನ ಮೇಲೆ ಬರೆದು ನೋಟರಿ ಮಾಡಿಸಿಕೊಂಡ ‘ವಿಚ್ಛೇದನ ಪತ್ರ’ಗಳನ್ನು ಈಗಲೂ ಜನ ಹಿಡಿದುಕೊಂಡು ಬರುತ್ತಾರೆ. ರೂಢಿಯಲ್ಲಿಯೇ ವಿಚ್ಛೇದನ ಇದೆಯೆಂದು ಸಾಬೀತುಪಡಿಸಬಲ್ಲ ಸಮುದಾಯಗಳನ್ನು ಬಿಟ್ಟರೆ, ಹಿಂದೂ ಮದುವೆಯನ್ನು ಅಂಥ ಪತ್ರ ಮುರಿಯಲಾರದು.

ಮಾತುಕತೆ ನಡೆಸುವುದೆಲ್ಲಿ? ಎರಡು ಬಾಗಿಲುಗಳಿವೆ. ಅರ್ಜಿ ಹಾಕಿದ ನಂತರ ಕೌಟುಂಬಿಕ ನ್ಯಾಯಾಲಯವೇ ನಿಮ್ಮನ್ನು ಮಧ್ಯಸ್ಥಿಕೆಗೆ ಕಳುಹಿಸುವುದು ಒಂದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು, ಮೊದಲು ಇತ್ಯರ್ಥಕ್ಕೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವನ್ನಾಗಿ ಮಾಡಿದೆ. ಆ ಕಾಯ್ದೆಯನ್ನು ಮಾಡಿದವರ ಮನಸ್ಸಿನಲ್ಲಿದ್ದದ್ದು ಸವಾಲು–ಪಾಟೀಸವಾಲಿನ ಕಟಕಟೆಯಲ್ಲ ಎಂಬುದು ಅದರ 13ನೇ ಕಲಮನ್ನು ಓದಿದರೆ ಗೊತ್ತಾಗುತ್ತದೆ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕೇ ಅಲ್ಲ, ನ್ಯಾಯಾಲಯದ ಅನುಮತಿಗೆ ಒಳಪಟ್ಟ ಸಂಗತಿ. ಕರ್ನಾಟಕ ಹೈಕೋರ್ಟ್ 2007ರ ಜನವರಿಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವನ್ನು ಆರಂಭಿಸಿದ ಮೇಲೆ ಈ ವ್ಯವಸ್ಥೆ ನಮ್ಮಲ್ಲಿ ಬೇರೂರಿತು. ಜಿಲ್ಲೆಗಳಲ್ಲೂ ಮಧ್ಯಸ್ಥಿಕೆ ಕೇಂದ್ರಗಳಿವೆ. ಎರಡನೆಯದು, ಅರ್ಜಿಗೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅಥವಾ ನೀವೇ ಆರಿಸಿಕೊಂಡ ತರಬೇತಾದ ಮಧ್ಯಸ್ಥಗಾರರ ಮೂಲಕ ವ್ಯಾಜ್ಯಪೂರ್ವ ಮಧ್ಯಸ್ಥಿಕೆ. ನಿಮಗೆ ನಾನು ಸೂಚಿಸುವುದು ಇದನ್ನೇ.

ಮಧ್ಯಸ್ಥಿಕೆಯ ಕೊಠಡಿಯಲ್ಲಿ ಏನಾಗುತ್ತದೆ ಎಂಬ ಅಳುಕು ಹಲವರಿಗಿರುತ್ತದೆ. ಅಲ್ಲಿ ಕಟಕಟೆ ಇಲ್ಲ, ಒಂದು ಮೇಜು ಮತ್ತು ನಾಲ್ಕಾರು ಕುರ್ಚಿಗಳಿರುತ್ತವೆ. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಬಳಿಕ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ. ಪ್ರತ್ಯೇಕವಾಗಿ ಹೇಳಿದ್ದನ್ನು ನಿಮ್ಮ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದಿಲ್ಲ. ಮಾತುಕತೆ ಮುರಿದುಬಿದ್ದರೆ ‘ಇತ್ಯರ್ಥವಾಗಲಿಲ್ಲ’ ಎಂಬ ವರದಿಯಷ್ಟೇ ನ್ಯಾಯಾಲಯಕ್ಕೆ ಹೋಗುತ್ತದೆ. ಯಾರು ಏನು ಹೇಳಿದರು, ಯಾರು ಎಷ್ಟಕ್ಕೆ ಒಪ್ಪಿದ್ದರು ಎಂಬುದು ಹೋಗುವುದಿಲ್ಲ. ಮಧ್ಯಸ್ಥಗಾರರು ತೀರ್ಪು ಕೊಡುವವರಲ್ಲ. ನಮ್ಮ ಹಳ್ಳಿಗಳ ಪಂಚಾಯ್ತಿಕಟ್ಟೆಯ ಹಿರಿಯರ ಹಾಗೆ ‘ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳುವ ಕೆಲಸವೂ ಅವರದಲ್ಲ. ಹಾಗೆ ಯಾರಾದರೂ ಒತ್ತಾಯಿಸಿದರೆ ಬೇರೆ ಮಧ್ಯಸ್ಥಗಾರರನ್ನು ಕೇಳಲು ನಿಮಗೆ ಸಂಕೋಚ ಬೇಡ.

ಇದಕ್ಕಿಂತ ಒಂದು ಹೆಜ್ಜೆ ಮುಂದಿರುವ, ‘ಸಹಕಾರದ ವಿಧಾನ’ (ಕೊಲಾಬರೇಟಿವ್ ಲಾ) ಎನ್ನುವ ಪದ್ಧತಿಯೊಂದು ಅಮೆರಿಕದಲ್ಲಿ ಹುಟ್ಟಿತು. ಮಿನಿಯಾಪೊಲಿಸ್ ನಗರದ ಕೌಟುಂಬಿಕ ವಕೀಲ ಸ್ಟುವರ್ಟ್ ವೆಬ್, ವರ್ಷಗಟ್ಟಲೆ ವಿಚ್ಛೇದನದ ದಾವೆ ನಡೆಸಿ ಬೇಸತ್ತು, ಇನ್ನು ಮುಂದೆ ಇತ್ಯರ್ಥಕ್ಕೆ ಮಾತ್ರ ಕೆಲಸ ಮಾಡುತ್ತೇನೆಂದು 1990ರಲ್ಲಿ ತೀರ್ಮಾನಿಸಿದರು. ಅವರು ಹಾಕಿದ ನಿಯಮ ಸರಳ, ಆದರೆ ಅದರ ಪರಿಣಾಮ ದೊಡ್ಡದು: ಗಂಡ–ಹೆಂಡತಿ ಇಬ್ಬರಿಗೂ ಬೇರೆ ಬೇರೆ ವಕೀಲರಿರುತ್ತಾರೆ, ನಾಲ್ವರೂ ಒಟ್ಟಿಗೆ ಕೂತು ಮಾತನಾಡುತ್ತಾರೆ, ಮಾತುಕತೆ ಮುರಿದು ಯಾರಾದರೂ ದಾವೆ ಹೂಡಿದರೆ ಆ ಇಬ್ಬರೂ ವಕೀಲರು ಪ್ರಕರಣದಿಂದ ಹಿಂದೆ ಸರಿಯಲೇಬೇಕು. ಅಂದರೆ ಜಗಳ ಬೆಳೆದರೆ ವಕೀಲರಿಗೆ ಲಾಭವಿಲ್ಲ, ನಷ್ಟ. ಹಣಕಾಸಿಗೆ ಒಬ್ಬ ತಟಸ್ಥ ಲೆಕ್ಕಪರಿಶೋಧಕ, ಮಗುವಿನ ವಿಷಯಕ್ಕೆ ಒಬ್ಬ ಮಕ್ಕಳ ಮನಃಶಾಸ್ತ್ರಜ್ಞರನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳುವುದೂ ಇದರಲ್ಲಿದೆ. ಅಲ್ಲಿನ ರಾಜ್ಯಗಳಿಗೆಂದು 2009ರಲ್ಲಿ ಒಂದು ಮಾದರಿ ಕಾಯ್ದೆಯೂ ಸಿದ್ಧವಾಯಿತು. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ತಮ್ಮ ರಾಜ್ಯದಲ್ಲಿ ಇದು ಜಾರಿಯಲ್ಲಿದೆಯೇ ಎಂದು ವಿಚಾರಿಸಿಕೊಳ್ಳಬಹುದು.

ನಮ್ಮ ದೇಶದಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಇಲ್ಲ. ಆದರೆ ಇದರ ಜೀವಾಳವಾದ ನಿಯಮವನ್ನು ಪತ್ರದ ಮೂಲಕ ಒಪ್ಪಿಕೊಳ್ಳಲು ಅಡ್ಡಿಯೇನೂ ಇಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಜಂಟಿ ಅರ್ಜಿಯನ್ನು ಒಬ್ಬರೇ ವಕೀಲರು ಸಲ್ಲಿಸುವುದು ನಮ್ಮಲ್ಲಿ ಸಾಮಾನ್ಯ, ಖರ್ಚೂ ಕಡಿಮೆ. ಆದರೆ ಕರಾರು ಕುದುರಿಸುವ ಹಂತದಲ್ಲಿ ನಿಮಗೆ ಹಿತವಾದದ್ದು ಅವರಿಗೆ ಅಹಿತವಾಗಬಹುದು, ಒಬ್ಬ ವಕೀಲರು ಎರಡೂ ಕಡೆಯ ಹಿತ ಕಾಯಲಾರರು. ಆದ್ದರಿಂದ ಕರಾರು ಸಿದ್ಧವಾಗುವವರೆಗೆ ಇಬ್ಬರಿಗೂ ಪ್ರತ್ಯೇಕ ವಕೀಲರಿರಲಿ, ಇಬ್ಬರು ವಕೀಲರೂ ‘ಇತ್ಯರ್ಥವಾಗದಿದ್ದರೆ ಮುಂದಿನ ದಾವೆಯಲ್ಲಿ ನಾವು ವಕಾಲತ್ತು ಹಾಕುವುದಿಲ್ಲ’ ಎಂದು ಬರೆದುಕೊಡಲಿ. ಇದಕ್ಕೆ ಒಪ್ಪದ ವಕೀಲರು ಕೆಟ್ಟವರೆಂದಲ್ಲ, ನಿಮ್ಮ ಈ ಕೆಲಸಕ್ಕೆ ಹೊಂದುವವರಲ್ಲ ಅಷ್ಟೆ. ಕರಾರು ಸಿದ್ಧವಾದ ಮೇಲೆ ಅರ್ಜಿಯನ್ನು ಅವರಲ್ಲಿ ಯಾರು ಸಲ್ಲಿಸಿದರೂ ನಡೆಯುತ್ತದೆ.

ಮಾತುಕತೆಗೆ ಕೂರುವ ಮೊದಲೇ ಆಗಬೇಕಾದ ಕೆಲಸವೊಂದಿದೆ. ರಜನೀಶ್ ಮತ್ತು ನೇಹಾ ನಡುವಿನ ಪ್ರಕರಣದಲ್ಲಿ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಹೇಳಿ ಅದರ ನಮೂನೆಯನ್ನೂ ತೀರ್ಪಿಗೆ ಲಗತ್ತಿಸಿತು. ಸಂಬಳ, ಉಳಿತಾಯ, ಸಾಲ, ವಿಮೆ, ಮಗುವಿನ ಖರ್ಚು ಎಲ್ಲಕ್ಕೂ ಅದರಲ್ಲಿ ಜಾಗವಿದೆ. ದಾವೆಯಲ್ಲಿ ಒತ್ತಾಯಕ್ಕೆ ತುಂಬುವ ಆ ನಮೂನೆಯನ್ನು ನೀವಿಬ್ಬರೂ ಸ್ವಇಚ್ಛೆಯಿಂದ ತುಂಬಿ, ಮೂರು ವರ್ಷದ ಆದಾಯ ತೆರಿಗೆ ವಿವರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟಿನೊಂದಿಗೆ ಪರಸ್ಪರ ಕೊಟ್ಟುಕೊಳ್ಳಿ. ಇದಕ್ಕೆ ಹಿಂಜರಿಯುವವರ ಜೊತೆ ಸಹಕಾರದ ವಿಧಾನ ಕೆಲಸ ಮಾಡುವುದಿಲ್ಲ. ನಾಲ್ಕು ಸಭೆಗಳು ಮುಗಿದ ಮೇಲೆ ಇದು ಗೊತ್ತಾಗುವ ಬದಲು ಮೊದಲ ವಾರದಲ್ಲೇ ಗೊತ್ತಾಗುವುದು ಎಷ್ಟೋ ಮೇಲು.

ಈಗ ಮಗಳ ವಿಷಯಕ್ಕೆ ಬರೋಣ. ಹಣದ ಮಾತಿಗಿಂತ ಮೊದಲು ಇದನ್ನು ಮುಗಿಸಿ ಎಂಬುದು ನನ್ನ ಖಚಿತ ಸಲಹೆ. ಹಣದ ಚೌಕಾಸಿ ಮೊದಲಾದರೆ ಮಗುವಿನ ಭೇಟಿಯ ದಿನಗಳು ಅದರ ಪಗಡೆಕಾಯಿಗಳಾಗುತ್ತವೆ: ‘ಎರಡು ಲಕ್ಷ ಹೆಚ್ಚು ಕೊಟ್ಟರೆ ಬೇಸಿಗೆ ರಜೆ ಪೂರ್ತಿ ಕಳಿಸುತ್ತೇನೆ’ ಎಂಬ ಮಾತು ಒಳ್ಳೆಯ ಮನೆತನದವರ ಬಾಯಲ್ಲೂ ಬರುತ್ತದೆ.

ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು ಎಂಬುದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 13ನೇ ಕಲಮಿನ ನಿಯಮ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 6ನೇ ಕಲಮು ಹೇಳುತ್ತದೆ. ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ. ಸುಪರ್ದಿ ಮತ್ತು ಪೋಷಕತ್ವ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಮಗು ಯಾರ ಮನೆಯಲ್ಲಿ ಮಲಗಿ ಏಳುತ್ತದೆ ಎಂಬುದು ಸುಪರ್ದಿ. ಶಾಲೆ, ಶಸ್ತ್ರಚಿಕಿತ್ಸೆ, ಪಾಸ್‌ಪೋರ್ಟ್ ಇವುಗಳ ಬಗ್ಗೆ ನಿರ್ಧರಿಸುವ ಅಧಿಕಾರ ಪೋಷಕತ್ವ. ಕಾಯ್ದೆಯ ಅಕ್ಷರದಲ್ಲಿ ತಂದೆ ಮೊದಲ ಪೋಷಕ, ‘ಅವನ ನಂತರ’ ತಾಯಿ. ಈ ‘ನಂತರ’ ಎಂದರೆ ತಂದೆಯ ಮರಣಾನಂತರ ಎಂದಷ್ಟೇ ಅಲ್ಲ, ಅವನು ಮಗುವಿನ ಹೊಣೆಯಿಂದ ದೂರವಿದ್ದಾಗಲೂ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಅರ್ಥೈಸಿತು. ನಿಮ್ಮ ಕರಾರಿನಲ್ಲಿ ಈ ಗೊಂದಲವೇ ಬೇಡ. ಶಾಲೆ ಬದಲಾವಣೆ, ದೊಡ್ಡ ಚಿಕಿತ್ಸೆ, ಪಾಸ್‌ಪೋರ್ಟ್, ವಿದೇಶ ಪ್ರಯಾಣ ಇವಕ್ಕೆ ಇಬ್ಬರ ಲಿಖಿತ ಒಪ್ಪಿಗೆ ಬೇಕು. ದಿನನಿತ್ಯದ ನಿರ್ಧಾರಗಳು ಆ ಹೊತ್ತಿಗೆ ಮಗು ಯಾರ ಬಳಿ ಇರುತ್ತದೆಯೋ ಅವರದು. ತುರ್ತು ಚಿಕಿತ್ಸೆಗೆ ಯಾರೊಬ್ಬರ ಸಹಿಯಾದರೂ ಸಾಕು, ಕೂಡಲೇ ಇನ್ನೊಬ್ಬರಿಗೆ ತಿಳಿಸಬೇಕು. ಹೀಗೆ ಬಿಡಿಸಿ ಬರೆಯಿರಿ.

ಜಂಟಿ ಸುಪರ್ದಿ ಎಂಬುದು ನಮ್ಮ ಕಾಯ್ದೆಗಳಲ್ಲಿ ಬಿಡಿಸಿ ಹೇಳಿದ ವ್ಯವಸ್ಥೆಯಲ್ಲ. ಅದಕ್ಕೆ ಸ್ಪಷ್ಟ ನಿಯಮಗಳು ಬೇಕೆಂದು ಭಾರತದ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು. ಅದಕ್ಕೂ ಮೊದಲೇ, 2013ರಲ್ಲಿ, ನಮ್ಮ ಹೈಕೋರ್ಟ್ ಕೆ.ಎಂ. ವಿನಯಾ ಮತ್ತು ಬಿ.ಆರ್. ಶ್ರೀನಿವಾಸ್ ನಡುವಿನ ಪ್ರಕರಣದಲ್ಲಿ ಇಬ್ಬರಿಗೂ ಸುಪರ್ದಿ ನೀಡಿ, ಜನವರಿಯಿಂದ ಜೂನ್ ಅಂತ್ಯದವರೆಗೆ ತಂದೆಯ ಬಳಿ, ಜುಲೈನಿಂದ ಡಿಸೆಂಬರ್ ಅಂತ್ಯದವರೆಗೆ ತಾಯಿಯ ಬಳಿ ಮಗ ಇರಬೇಕೆಂದು ಆದೇಶಿಸಿತ್ತು. ಜಂಟಿ ಸುಪರ್ದಿಗೆ ಕರ್ನಾಟಕದಲ್ಲಿ ಈ ತೀರ್ಪು ದಾರಿ ತೋರಿಸಿತೆಂಬುದು ನಿಜ. ಆದರೆ ಅದನ್ನು ಹಾಗೆಯೇ ನಕಲು ಮಾಡಬೇಡಿ. ಎರಡೂ ಮನೆಗಳಿಂದ ಒಂದೇ ಶಾಲೆಗೆ ಹೋಗಿಬರುವಂತಿದ್ದರೆ ಆರಾರು ತಿಂಗಳ ಹಂಚಿಕೆ ನಡೆದೀತು. ಮೈಸೂರು–ಬೆಂಗಳೂರಿನ ಸುಮಾರು 145 ಕಿಲೋಮೀಟರ್ ಅಂತರದಲ್ಲಿ ಅದು ಮಗಳಿಗೆ ವರ್ಷಕ್ಕೆ ಎರಡು ಶಾಲೆ ಎಂದಾಗಿಬಿಡುತ್ತದೆ. ನಿಮ್ಮ ಸಂದರ್ಭಕ್ಕೆ ಒಗ್ಗುವುದು ಬೇರೆ: ಪೋಷಕತ್ವ ಇಬ್ಬರದೂ ಸಮ; ಶಾಲೆಯ ದಿನಗಳಲ್ಲಿ ವಾಸ ಮೈಸೂರು; ವಾರಾಂತ್ಯ ಮತ್ತು ರಜೆಗಳಲ್ಲಿ ತಂದೆಗೆ ತುಂಬು ಪಾಲು. ದಿನಗಳ ಲೆಕ್ಕದಲ್ಲಿ ಇದು ಸಮಪಾಲಲ್ಲ. ಆದರೆ ಮಗುವಿಗೆ ಬೇಕಾದದ್ದು ಸಮ ವಿಂಗಡಣೆಯಲ್ಲ, ಇಬ್ಬರ ಮನೆಯಲ್ಲೂ ತಾನು ಅತಿಥಿಯಲ್ಲ ಎಂಬ ಭಾವನೆ.

ಇಲ್ಲಿಯೇ ವಿವರಗಳು ಬೇಕಾಗುವುದು. ‘ತಿಂಗಳಿಗೆ ಎರಡು ವಾರಾಂತ್ಯ’ ಎಂದು ಬರೆದುಕೊಂಡಿದ್ದ ಒಂದು ದಂಪತಿ ಎಂಟು ತಿಂಗಳಿಗೆ ಮತ್ತೆ ನನ್ನೆದುರು ಬಂದು ಕೂತಿದ್ದರು. ಜಗಳದ ಮೂಲ ಶನಿವಾರ ಬೆಳಗಿನ ಭರತನಾಟ್ಯ ತರಗತಿ. ತಾಯಿಯ ದೃಷ್ಟಿಯಲ್ಲಿ ತಂದೆ ಅದನ್ನು ತಪ್ಪಿಸುತ್ತಿದ್ದರು. ತಂದೆಯ ದೃಷ್ಟಿಯಲ್ಲಿ ತನ್ನ ದಿನ ತಿನ್ನಲೆಂದೇ ತಾಯಿ ಆ ತರಗತಿಗೆ ಸೇರಿಸಿದ್ದರು. ಇಬ್ಬರೂ ಕೆಟ್ಟವರಲ್ಲ, ಕರಾರು ಮಾತ್ರ ತೆಳುವಾಗಿತ್ತು. ನೀವು ಬರೆಯಬೇಕಾದದ್ದು ಹೀಗಿರಲಿ: ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆ ಮೈಸೂರಿನ ಮನೆಯಿಂದ ಮಗಳನ್ನು ಕರೆದೊಯ್ದು ಭಾನುವಾರ ಸಂಜೆ 6 ಗಂಟೆಗೆ ಅಲ್ಲಿಗೇ ತಂದುಬಿಡತಕ್ಕದ್ದು. ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಫೋನಿನಲ್ಲಿ ತಿಳಿಸತಕ್ಕದ್ದು. ಮಗುವಿಗೆ ಜ್ವರ, ಪರೀಕ್ಷೆ ಮುಂತಾದ ಕಾರಣದಿಂದ ಒಂದು ಸರದಿ ತಪ್ಪಿದರೆ ಮುಂದಿನ ಶನಿವಾರ ಅದನ್ನು ತುಂಬಿಕೊಡತಕ್ಕದ್ದು. ತಂದೆಯ ಸರದಿಯ ದಿನಗಳಲ್ಲಿ ನಡೆಯುವ ಹೊಸ ತರಗತಿಗೆ ಸೇರಿಸುವ ಮುನ್ನ ಅವರ ಒಪ್ಪಿಗೆ ಪಡೆಯತಕ್ಕದ್ದು.’ ಓದಲು ಒಣಕಲಾಗಿ ಕಾಣುತ್ತದೆ, ಆದರೆ ಭಾನುವಾರ ಸಂಜೆಯ ಜಗಳಗಳನ್ನು ತಡೆಯುವುದು ಇಂಥ ಸಾಲುಗಳೇ.

ಹಬ್ಬ ಮತ್ತು ರಜೆಗಳನ್ನು ಶಾಲೆಯ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಹಂಚಿಕೊಳ್ಳಿ. ದಸರಾ ರಜೆಯನ್ನು ಎರಡು ಭಾಗ ಮಾಡುವುದು ವಾಡಿಕೆ. ಮೈಸೂರಿನ ಮಗುವಿಗೆ ಜಂಬೂ ಸವಾರಿಯ ದಿನ ಊರಿನಲ್ಲಿರಬೇಕೆನಿಸುವುದು ಸಹಜವಾದ್ದರಿಂದ ಮೊದಲ ಭಾಗವನ್ನು ತಂದೆಗೆ ಬಿಟ್ಟುಕೊಡಬಹುದು, ಅಥವಾ ತಂದೆಯೇ ಆ ದಿನ ಮೈಸೂರಿಗೆ ಬರಬಹುದು. ಯುಗಾದಿ, ದೀಪಾವಳಿ ವರ್ಷ ಬಿಟ್ಟು ವರ್ಷ. ಬೇಸಿಗೆ ರಜೆಯಲ್ಲಿ ತಂದೆಗೆ ಅರ್ಧಕ್ಕಿಂತ ತುಸು ಹೆಚ್ಚು ಕೊಟ್ಟರೆ ಶಾಲಾ ದಿನಗಳ ಕೊರತೆ ಸ್ವಲ್ಪ ತುಂಬುತ್ತದೆ. ಹುಟ್ಟುಹಬ್ಬಕ್ಕೆ ಇಬ್ಬರೂ ಒಂದೆಡೆ ಸೇರುವ ಷರತ್ತನ್ನು ಮಾತ್ರ ಹಾಕಿಕೊಳ್ಳಬೇಡಿ, ಸೇರಬೇಕೆನಿಸಿದರೆ ಸೇರಿ. ದೂರದಲ್ಲಿರುವ ಪೋಷಕರು ದಿನಕ್ಕೆ ಐದು–ಹತ್ತು ನಿಮಿಷವಾದರೂ ಮಗುವಿನೊಡನೆ ಫೋನಿನಲ್ಲಿ ಮಾತನಾಡುವಂತಿರಬೇಕೆಂದು ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕರೆಯ ಹೊತ್ತನ್ನೂ ಬರೆಯಿರಿ. ಶಾಲೆಯ ದಾಖಲೆಯಲ್ಲಿ ಇಬ್ಬರ ದೂರವಾಣಿ ಸಂಖ್ಯೆಯೂ ಇರಲಿ, ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಬ್ಬರೂ ಇರಲಿ. ಶಾಲೆಯ ಸಭೆಯ ಸುದ್ದಿಯನ್ನು ಮಗಳ ಬಾಯಿಂದ ಕೇಳುವ ತಂದೆಗೆ ಆಗುವ ಅವಮಾನ ಎಷ್ಟೋ ಕರಾರುಗಳನ್ನು ಕೆಡಿಸಿದೆ.

ಯಾರಾದರೂ ಊರು ಬದಲಿಸುವುದಾದರೆ ಕನಿಷ್ಠ ಅರವತ್ತು ದಿನ ಮೊದಲು ಲಿಖಿತವಾಗಿ ತಿಳಿಸಬೇಕು ಎಂಬ ಷರತ್ತು ಇರಲಿ. ವಿದೇಶದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ದು ಇಟ್ಟುಕೊಳ್ಳುವುದನ್ನು ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಇಲ್ಲಿಂದ ಹೋದ ಮಗುವನ್ನಾಗಲಿ ಇಲ್ಲಿಗೆ ಬಂದ ಮಗುವನ್ನಾಗಲಿ ಹಿಂದಕ್ಕೆ ಕರೆಸಿಕೊಳ್ಳಲು ಆ ಒಪ್ಪಂದದ ನೆರವು ಸಿಗುವುದಿಲ್ಲ. ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ಪ್ರಯಾಣಕ್ಕೆ ಮುನ್ನ ಹೋಗಿಬರುವ ಟಿಕೆಟ್ ತೋರಿಸಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಿಕೊಳ್ಳಿ.

ಮಗಳನ್ನು ‘ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ’ ಎಂದು ಕೇಳಬೇಡಿ, ಬೇರೆಯವರು ಕೇಳುವುದಕ್ಕೂ ಬಿಡಬೇಡಿ. ಅಜ್ಜಿಯ ಮನೆಗೆ ಬರುವ ನೆಂಟರು ಈ ಪ್ರಶ್ನೆಯನ್ನು ತಮಾಷೆಯೆಂಬಂತೆ ಕೇಳುತ್ತಾರೆ. ತಿಳಿವಳಿಕೆಯಿಂದ ಇಷ್ಟ ಹೇಳಬಲ್ಲ ವಯಸ್ಸಿನ ಮಗುವಿನ ಇಚ್ಛೆಯನ್ನು ಪರಿಗಣಿಸಬಹುದೆಂದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ವಿವಾದವಿರುವ ಪ್ರಕರಣಗಳಲ್ಲಿ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಯಲ್ಲಿ ಮಾತನಾಡಿಸುವುದೂ ಉಂಟು. ನೀವಿಬ್ಬರೂ ವಿವರವಾದ ಕರಾರಿನೊಂದಿಗೆ ಹೋದರೆ ಮಗಳನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಸಂದರ್ಭ ಬಹುಮಟ್ಟಿಗೆ ಬರುವುದೇ ಇಲ್ಲ. ಅವಳ ಮನಸ್ಸು ಅರಿಯಲು ಮಕ್ಕಳ ಮನಃಶಾಸ್ತ್ರಜ್ಞರೊಬ್ಬರ ಬಳಿ ಒಂದೆರಡು ಭೇಟಿ ಸಾಕು. ಸುದ್ದಿಯನ್ನು ಮಾತ್ರ ಇಬ್ಬರೂ ಒಟ್ಟಿಗೆ ಕೂತು ನೀವೇ ಹೇಳಿ.

ಹಣದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ಜೀವನಾಂಶದ ಬಗ್ಗೆ ನೀವು ಏನು ಬೇಕಾದರೂ ತೀರ್ಮಾನಿಸಿಕೊಳ್ಳಿ, ಆದರೆ ಮಗಳ ಜೀವನಾಂಶದ ಹಕ್ಕು ಅವಳದು. ಅದನ್ನು ಬಿಟ್ಟುಕೊಡುವ ಅಧಿಕಾರ ತಾಯಿಗಿಲ್ಲ. ‘ಮಗುವಿನ ಪರವಾಗಿಯೂ ಯಾವ ಹಕ್ಕನ್ನೂ ಕೇಳುವುದಿಲ್ಲ’ ಎಂಬ ಸಾಲನ್ನು ಕರಡಿನಲ್ಲಿ ಯಾರಾದರೂ ಸೇರಿಸಿದ್ದರೆ ಹೊಡೆದುಹಾಕಿಸಿ. ಶುಲ್ಕವನ್ನು ತಂದೆ ನೇರವಾಗಿ ಶಾಲೆಗೆ ಕಟ್ಟುವುದು, ಮಾಸಿಕ ಮೊತ್ತ ಪ್ರತಿ ವರ್ಷ ಇಂತಿಷ್ಟು ಶೇಕಡಾ ಏರುವುದು, ಆರೋಗ್ಯ ವಿಮೆ ಯಾರ ಹೊಣೆ ಎಂಬುದು ಸ್ಪಷ್ಟವಾಗಿರಲಿ. ಫ್ಲ್ಯಾಟಿನ ಸಾಲದಲ್ಲಿ ಒಂದು ಗುಂಡಿ ಇದೆ: ‘ಇನ್ನು ಮುಂದೆ ಕಂತು ಪತಿಯದು’ ಎಂದು ನೀವಿಬ್ಬರು ಬರೆದುಕೊಂಡರೆ ಬ್ಯಾಂಕ್ ಅದಕ್ಕೆ ಬದ್ಧವಲ್ಲ, ಅವರು ಕಂತು ತಪ್ಪಿಸಿದರೆ ನೋಟಿಸು ನಿಮಗೂ ಬರುತ್ತದೆ. ಬ್ಯಾಂಕಿನಿಂದ ನಿಮ್ಮ ಹೆಸರನ್ನು ಸಾಲದಿಂದ ಬಿಡಿಸಿದ ಪತ್ರ ಮತ್ತು ನಿಮ್ಮ ಪಾಲಿನ ಹಕ್ಕು ಬಿಡುಗಡೆ ಪತ್ರದ ನೋಂದಣಿ, ಇವೆರಡೂ ಒಂದೇ ಹೊತ್ತಿಗೆ ನಡೆಯುವಂತೆ ನೋಡಿಕೊಳ್ಳಿ. ಡಿಕ್ರಿಯ, ಅಂದರೆ ವಿಚ್ಛೇದನ ನೀಡುವ ನ್ಯಾಯಾಲಯದ ಅಂತಿಮ ಆದೇಶದ, ಮುಂಚೆ ನೋಂದಾಯಿಸುವುದಕ್ಕೂ ನಂತರ ನೋಂದಾಯಿಸುವುದಕ್ಕೂ ಮುದ್ರಾಂಕ ಶುಲ್ಕದಲ್ಲಿ ವ್ಯತ್ಯಾಸವಾಗಬಹುದಾದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಮಾತಿಗೆ ತಪ್ಪಿದರೆ ಎಂಬ ಕೊನೆಯ ಪ್ರಶ್ನೆಗೆ ಎರಡು ಭಾಗದ ಉತ್ತರವಿದೆ. ಡಿಕ್ರಿಯಾಗುವ ಮುನ್ನ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಸುರೇಷ್ಟಾ ದೇವಿ ಪ್ರಕರಣದ 1991ರ ತೀರ್ಪಿನಿಂದ ಇದು ಸ್ಥಿರಪಟ್ಟಿದೆ. ಹಾಗಾಗಿ ಹಣ ಕೊಡುವುದನ್ನೂ ಹಕ್ಕು ಬಿಡುವುದನ್ನೂ ಅರ್ಜಿಯ ಹಂತ ಮತ್ತು ಡಿಕ್ರಿಯ ಹಂತಗಳಿಗೆ ಹಂಚಿಡುತ್ತಾರೆ. ಮಗಳ ವೇಳಾಪಟ್ಟಿಗೆ ಮಾತ್ರ ಡಿಕ್ರಿಗಾಗಿ ಕಾಯಬೇಡಿ. ಕರಡು ಸಿದ್ಧವಾದ ವಾರದಿಂದಲೇ ಅದರಂತೆ ನಡೆಯಿರಿ. ಎಲ್ಲಿ ಕಚ್ಚುತ್ತದೆ, ಎಲ್ಲಿ ಸಡಿಲ ಎಂಬುದು ಮೂರು ತಿಂಗಳಲ್ಲಿ ಗೊತ್ತಾಗಿ, ಅಂತಿಮ ಕರಾರಿನಲ್ಲಿ ತಿದ್ದಲು ಅವಕಾಶ ಸಿಗುತ್ತದೆ. ಡಿಕ್ರಿಯಾದ ಮೇಲೆ ಕರಾರು ಅದರ ಭಾಗವಾಗಿರುತ್ತದೆ, ಮುರಿದವರ ವಿರುದ್ಧ ಅದೇ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ (ಆದೇಶವನ್ನು ಜಾರಿಗೊಳಿಸಿಕೊಡಿ ಎಂದು ಕೋರುವ ಅರ್ಜಿ) ಹಾಕಬಹುದು. ಹಾಗೆಂದು ಸುಪರ್ದಿಯ ಷರತ್ತುಗಳು ಕಲ್ಲಿನಲ್ಲಿ ಕೊರೆದವಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಪರಿಸ್ಥಿತಿ ಬದಲಾದಂತೆ ಅವನ್ನು ಬದಲಿಸಬಹುದು. ಎರಡು ವರ್ಷಕ್ಕೊಮ್ಮೆ ವೇಳಾಪಟ್ಟಿಯ ಮರುಪರಿಶೀಲನೆ, ಭಿನ್ನಾಭಿಪ್ರಾಯ ಬಂದರೆ ನ್ಯಾಯಾಲಯಕ್ಕೆ ಮೊದಲು ಮಧ್ಯಸ್ಥಗಾರರ ಬಳಿಗೆ ಎಂಬ ಎರಡು ಸಾಲುಗಳನ್ನೂ ಸೇರಿಸಿಕೊಳ್ಳಿ.

ನಿಮ್ಮ ಪ್ರಶ್ನೆಯನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಸಂಗಾತಿಯನ್ನು ಕಂಡರೆ ಭಯಪಡುವವರು, ಹೊಡೆತ ತಿಂದವರು, ಮನೆಯಿಂದ ಹೊರಹಾಕಲ್ಪಟ್ಟವರು ಈ ದಾರಿಯನ್ನು ಹಿಡಿಯಬಾರದು. ಹೆದರಿಕೊಂಡು ಕೂತವರ ಒಪ್ಪಿಗೆ ಒಪ್ಪಿಗೆಯಲ್ಲ. ಅವರಿಗೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ರಕ್ಷಣೆ, ವಾಸ ಮತ್ತು ತಾತ್ಕಾಲಿಕ ಸುಪರ್ದಿಯ ಆದೇಶಗಳು ಮೊದಲು ಸಿಗಬೇಕು. ತುರ್ತಿಗೆ 181 ಮಹಿಳಾ ಸಹಾಯವಾಣಿ ಇದೆ. ನಿಮ್ಮಂಥ ಪ್ರಕರಣಗಳಲ್ಲಿ ವಕೀಲರ ಶುಲ್ಕದ ಚಿಂತೆ ಇದ್ದರೆ, ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಮೈಸೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಅಥವಾ 15100 ಸಂಖ್ಯೆಯಲ್ಲಿ ವ್ಯಾಜ್ಯಪೂರ್ವ ಮಧ್ಯಸ್ಥಿಕೆಗೆ ಅರ್ಜಿ ಹೇಗೆಂದು ಕೇಳಿ. ಹೋಗುವಾಗ ಮದುವೆಯ ದಾಖಲೆ, ಮಗಳ ಜನನ ಪ್ರಮಾಣಪತ್ರ, ಸಾಲದ ಪತ್ರ ಮತ್ತು ಶಾಲೆಯ ಈ ವರ್ಷದ ಕ್ಯಾಲೆಂಡರಿನ ಎರಡು ಪ್ರತಿಗಳನ್ನು ಜೊತೆಗೆ ಒಯ್ಯಿರಿ.